ಹೊನ್ನನ್ನು ಮುಟ್ಟದ ಮೂವರು

ಹೊರಗಿನ ಹಗೆಗಿಂತ ಒಳಗಿನ ಕೋಪವೇ ಅರಸನಿಗೆ ಹೆಚ್ಚು ಭಯಂಕರವೆಂಬುದು ಕೌಟಿಲ್ಯನ ಮತ. ಪ್ರಬಲರಾದ ಸರದಾರರನ್ನು ಅಂಕೆಯಲ್ಲಿಟ್ಟ ದೊರೆಗಳಲ್ಲಿ ದಿಲ್ಲಿಯ ಅಲ್ಲಾವುದ್ದೀನ ಖಿಲ್ಜಿಯಷ್ಟು ಕಠೋರನಾದವನು ವಿರಳ. ಅವನ ಕಠೋರತೆಯ ಕಥೆಯನ್ನು ಎಲ್ಲರೂ ಬಲ್ಲರು. ಅದರ ಮೂಲವೆಲ್ಲಿ ಎಂಬುದನ್ನು ವಿಚಾರಿಸುವವರು ಕಡಿಮೆ.

ಆ ಮೂಲವು ನಮ್ಮ ನೆರೆಯ ದೇವಗಿರಿಯಲ್ಲಿದೆ. ಸೇವುಣರ ಆ ರಾಜಧಾನಿಯ ಆಡಳಿತಕ್ಕೆ ಕನ್ನಡ ನಾಡಿನ ಬಡಗಣ ಸೀಮೆಯೂ ಒಳಪಟ್ಟಿದ್ದಿತು. ಕಡಾ ಪ್ರಾಂತದ ಅಧಿಕಾರಿಯಾಗಿದ್ದ ಅಲ್ಲಾವುದ್ದೀನನು 1296ರಲ್ಲಿ ತನ್ನ ಒಡೆಯನಿಗೆ ನಿಜವನ್ನು ತಿಳಿಸದೆ ದೇವಗಿರಿಯ ಮೇಲೆ ಬಿದ್ದು, ರಾಮಚಂದ್ರನಿಂದ ಅಪಾರವಾದ ಹೊನ್ನನ್ನು ಕಿತ್ತುಕೊಂಡು ಹೋದನು. ಆ ಒಡೆಯನಾದರೋ ಅವನಿಗೆ ಚಿಕ್ಕಪ್ಪನು, ಹೆಣ್ಣು ಕೊಟ್ಟ ಮಾವನು, ಸುಲ್ತಾನ ಜಲಾಲುದ್ದೀನನು. ಅಳಿಯನನ್ನು ಕಾಣಲು ಪ್ರೀತಿಯಿಂದ ಗಂಗೆಯ ದಡಕ್ಕೆ ಬಂದ ಆ ವೃದ್ಧನನ್ನು ಅಲ್ಲಿಯೇ ಕೊಲ್ಲಿಸಿದನು.

ಬಳಿಕ ಮಳೆಗಾಲದಲ್ಲಿಯೇ ದಿಲ್ಲಿಯ ಕಡೆಗೆ ಪಯಣ. ಪ್ರತಿಯೊಂದು ಬಿಡಾರದಲ್ಲಿಯೂ ಕಲ್ಲೆಸೆಯುವ ಯಂತ್ರದಲ್ಲಿ ಹೊನ್ನನ್ನಿಟ್ಟು ಜನಸಂದಣಿಯ ಮೇಲೆ ಎರಚಿಸಿದನೆಂದು ಚರಿತ್ರಕಾರನಾದ ಬರನಿಯು ಬರೆದಿರುವನು. ಅವನನ್ನು ಎದುರಿಸಲು ದಿಲ್ಲಿಯಿಂದ ಹೊರಟ ಸರದಾರರು ಅವನ ಹೊನ್ನನ್ನು ತೂಕದ ಲೆಕ್ಕದಲ್ಲಿ ಪಡೆದು ಅವನ ಕಡೆಗೇ ಸೇರಿದರು. ಸತ್ತ ಒಡೆಯನ ಮಕ್ಕಳು ಒಂಟಿಯಾದರು.

ಸಿಂಹಾಸನವು ಭದ್ರವಾದೊಡನೆ ಹೊಸ ಸುಲ್ತಾನನು ಮಾಡಿದುದೇನು? ತನ್ನಿಂದ ಹೊನ್ನು ಪಡೆದ ಆ ಸರದಾರರನ್ನೇ ಹಿಡಿಸಿದನು. ಕೆಲವರನ್ನು ಸೆರೆಗೆ ತಳ್ಳಿದನು, ಕೆಲವರ ಕಣ್ಣು ಕೀಳಿಸಿದನು, ಕೆಲವರನ್ನು ಕೊಲ್ಲಿಸಿದನು. ಅವರ ಆಸ್ತಿಯೆಲ್ಲವೂ ಬೊಕ್ಕಸಕ್ಕೆ ಸೇರಿತು. ಜಲಾಲುದ್ದೀನನ ಕಾಲದ ಹಿರಿಯ ಸರದಾರರಲ್ಲಿ ಉಳಿದವರು ಮೂವರೇ: ಕುತುಬುದ್ದೀನ ಅಲವಿ, ನಸೀರುದ್ದೀನ ರಾಣಾ, ಅಮೀರ ಜಮಾಲ ಖಿಲ್ಜಿ. ಏತಕ್ಕೆ ಉಳಿದರು? ಅವರು ಹಳೆಯ ಒಡೆಯನ ಮಕ್ಕಳ ಕೈಬಿಡಲಿಲ್ಲ, ಹೊಸಬನ ಹೊನ್ನನ್ನು ಮುಟ್ಟಲಿಲ್ಲ. ತನಗೆ ವಿರೋಧವಾಗಿ ನಿಂತವರನ್ನೇ ಅವನು ಉಳಿಸಿದನು! ಅಮಾತ್ಯರ ಶುದ್ಧಿಯನ್ನು ಪರೀಕ್ಷಿಸಲು ಅರ್ಥಶಾಸ್ತ್ರದಲ್ಲಿ ಹೇಳಿರುವ ನಾಲ್ಕು ಉಪಧೆಗಳಲ್ಲಿ ಅರ್ಥೋಪಧೆಯೂ ಒಂದು. ಆ ಗ್ರಂಥವನ್ನು ಅರಿಯದ ಸುಲ್ತಾನನು ಆ ಪರೀಕ್ಷೆಯನ್ನು ತಾನಾಗಿಯೇ ನಡೆಸಿದಂತಾಯಿತು. ದ್ರೋಹದಿಂದ ಲಾಭ ಪಡೆದವನಿಗೇ ದ್ರೋಹಿಯಲ್ಲಿ ನಂಬಿಕೆ ಇರಲಿಲ್ಲವೆಂಬುದನ್ನು ಗಮನಿಸಿರಿ.

ಆದರೂ ದಂಗೆಗಳು ನಿಲ್ಲಲಿಲ್ಲ. 1301ರಲ್ಲಿ ರಣಥಂಭೋರಿನ ಮುತ್ತಿಗೆಗೆ ಹೋಗುವಾಗ ಬೇಟೆಯ ಬಯಲಿನಲ್ಲಿ ಸೋದರನ ಮಗನೇ ಅವನ ಮೇಲೆ ಬಾಣಗಳನ್ನು ಬಿಡಿಸಿದನು. ಸೋದರಿಯ ಮಕ್ಕಳು ತಿರುಗಿಬಿದ್ದರು. ದಿಲ್ಲಿಯಲ್ಲಿ ಹಾಜಿ ಮೌಲಾ ಎಂಬವನು ಬೇರೊಬ್ಬನನ್ನು ಪಟ್ಟಕ್ಕೇರಿಸಿದನು. ಆಗ ಸುಲ್ತಾನನು ಆಪ್ತರೊಡನೆ ಕುಳಿತು ಕಾರಣವನ್ನು ಆಲೋಚಿಸಿದನು. ಪ್ರಜೆಗಳ ವ್ಯವಹಾರವು ಅರಸನಿಗೆ ತಿಳಿಯದಿರುವುದು, ಮದ್ಯಪಾನ, ಸರದಾರರ ಬೀಗತನ ಮತ್ತು ಸ್ನೇಹ, ಕೈತುಂಬ ಹಣ, ಇವೇ ಕಾರಣಗಳೆಂದು ಕಂಡುಬಂದಿತು. ಇವುಗಳಲ್ಲಿ ಕೊನೆಯದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನು ಅರಸನಾದುದೇ ಹಣದಿಂದ.

ಚಿಕಿತ್ಸೆಯೂ ತಕ್ಕಂತೆಯೇ ಆಯಿತು. ಇನಾಮು ಹಳ್ಳಿಗಳು ಸರಕಾರದ ವಶವಾದವು. ಮನೆಮನೆಗೆ ಗೂಢಚಾರರು ಬಂದರು. ಅಪ್ಪಣೆಯಿಲ್ಲದೆ ಸರದಾರರು ಒಂದೆಡೆ ಕೂಡುವಂತಿಲ್ಲ, ಮಕ್ಕಳ ಮದುವೆಯನ್ನೂ ನಿಶ್ಚಯಿಸುವಂತಿಲ್ಲ. ಮದ್ಯವನ್ನು ನಿಷೇಧಿಸಿ ತನ್ನ ಅರಮನೆಯ ಪಾತ್ರೆಗಳನ್ನೇ ಮೊದಲು ಒಡೆಸಿದನು. ಬದಾಯೂಂ ಬಾಗಿಲಿನ ಬಳಿ ಸುರಿದ ಮದ್ಯದಿಂದ ಮಳೆಗಾಲದಂತೆ ಕೆಸರಾಯಿತಂತೆ. (ಮನೆಯೊಳಗೆ ಗುಟ್ಟಾಗಿ ಕುಡಿಯುವವರನ್ನು ಮುಂದೆ ಅವನೂ ಬಿಡಬೇಕಾಯಿತು, ನಾಲಗೆಯ ಚಪಲವು ಅರಸನಾಜ್ಞೆಗಿಂತ ಬಲವಾದುದು.) ಸೈನಿಕನಿಗೆ ವರ್ಷಕ್ಕೆ 234 ಟಂಕಗಳನ್ನು ಬೊಕ್ಕಸದಿಂದಲೇ ನಗದಾಗಿ ಕೊಡಿಸಿ, ಕುದುರೆಗಳಿಗೆ ಮುದ್ರೆಯೊತ್ತಿಸಿದನು. ಇದರಿಂದ ದಂಡು ಸರದಾರನದಾಗದೆ ಅರಸನದಾಯಿತು. ನನ್ನ ಮಟ್ಟಿಗೆ ಅವನ ಕಟ್ಟಳೆಗಳಲ್ಲೆಲ್ಲ ಬುದ್ಧಿವಂತಿಕೆಯದು ಇದೇ.

ಮುಂದೆ ದಂಗೆಗಳು ಅಡಗಿದುವೆಂಬುದು ನಿಜ. 1311ರಲ್ಲಿ ಅವನ ದಂಡು ದೋರಸಮುದ್ರದವರೆಗೆ ಬಂದು ಮೂರನೆಯ ಬಲ್ಲಾಳನಿಂದ ಕಾಣಿಕೆ ಪಡೆಯಿತು. ಆದರೆ ದಿಲ್ಲಿಯ ಅರಮನೆಯಲ್ಲಿ ಸರದಾರರು ಬಾಯಿ ಬಿಡಲು ಅಂಜಿ ಕೈಸನ್ನೆಯಲ್ಲಿ ಮಾತನಾಡುತ್ತಿದ್ದರು. ಹಿಂದೊಮ್ಮೆ ಹೀಗಿರಲಿಲ್ಲ. ದಿಲ್ಲಿಯ ಕೊತವಾಲನಾದ ಅಲಾ-ಉಲ್-ಮುಲ್ಕನು, ಸ್ಥೂಲಕಾಯದ ದೆಸೆಯಿಂದ ತಿಂಗಳಿಗೊಮ್ಮೆ ಮಾತ್ರ ಓಲಗಕ್ಕೆ ಬರುತ್ತಿದ್ದವನು, ಹೊಸ ಮತವನ್ನು ಸ್ಥಾಪಿಸುವೆನೆಂಬ ಸುಲ್ತಾನನ ಹುಚ್ಚನ್ನು ಎದುರಿಗೇ ಖಂಡಿಸಿ ಬಹುಮಾನವನ್ನೂ ಪಡೆದಿದ್ದನು. ಅಂತಹ ಮಾತನ್ನು ಆಡಬಲ್ಲವನು ಕೈಸನ್ನೆಯ ಸಭೆಯಲ್ಲಿ ಎಲ್ಲಿಂದ ಬರಬೇಕು? ಗೂಢಚಾರನು ಆಡಿದ ಮಾತನ್ನು ತಂದೊಪ್ಪಿಸಬಲ್ಲನು. ಆಡದೆ ನುಂಗಿದ ಮಾತನ್ನು ತರಲಾರನು. ಆ ಮೂವರ ನಿಷ್ಠೆಯಾದರೂ ಯಾವ ಕಟ್ಟಳೆಯಿಂದ ಹುಟ್ಟಿದುದು?

ಸುಲ್ತಾನನು 1316ರಲ್ಲಿ ತೀರಿಕೊಂಡನು. ಅವನು ಅತ್ಯಂತ ನಂಬಿದ್ದ ಮಲಿಕ್ ಕಾಫೂರನು ಎಳೆಯ ಮಗುವೊಂದನ್ನು ಪಟ್ಟಕ್ಕೆ ಕೂರಿಸಿ, ಒಡೆಯನ ಹಿರಿಯ ಮಕ್ಕಳಿಬ್ಬರ ಕಣ್ಣುಗಳನ್ನು ಕೀಳಿಸಿದನು. ಸುಮಾರು 35 ದಿನಗಳಲ್ಲಿ ಕಾವಲುಭಟರು ಅವನನ್ನು ಕೊಂದರು. ಪಟ್ಟವನ್ನು ಕೊಡಿಸಿದವರು ತಾವೇ ಎಂದು ಅವರು ಬೀಗತೊಡಗಲು ಹೊಸ ಸುಲ್ತಾನ ಮುಬಾರಕನು ಅವರನ್ನು ಬೇರೆ ಬೇರೆ ಕಡೆಗೆ ಕಳುಹಿಸಿ ಕೊಲ್ಲಿಸಿದನು. ತಂದೆಯ ಕಟ್ಟಳೆಗಳನ್ನು ಸಡಿಲಿಸಿ, ಸೆರೆಯಲ್ಲಿದ್ದವರನ್ನು ಬಿಡಿಸಿದನು. 1320ರಲ್ಲಿ, ತಾನೇ ಮೇಲಕ್ಕೆತ್ತಿದ ಖುಸ್ರೂಖಾನನ ಕಡೆಯವರ ಕೈಯಿಂದ ಅರಮನೆಯಲ್ಲಿಯೇ ಹತನಾದನು.