ಮಗ್ಗುಲಲ್ಲಿ ನಿಂತವನ ಹಕ್ಕು

ಶಿಕಾರಿಪುರದಲ್ಲಿ ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಈಗ ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದಾನೆ. ಸಲಾಮ್ ಹೇಳಿ ಜೇಬಿನಿಂದ ನಾಲ್ಕು ಪುಟ್ಟ ಶೀಶೆಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ.

"ಹಝ್ರತ್, ಇದು ಗುಲಾಬ್, ಇದು ಖಸ್, ಇದು ಹಿನಾ, ಇದು ಊದ್. ನನಗೆ ಒಪ್ಪುವುದು ಯಾವುದು ಹೇಳಿ. ಒಂದನ್ನೇ ಆರಿಸಿಕೊಂಡು ಯಾವಾಗಲೂ ಅದನ್ನೇ ಹಚ್ಚಬೇಕೆಂದಿದ್ದೇನೆ. ನಾನು ಬಂದರೆ ಕಣ್ಣು ಮುಚ್ಚಿ ಕುಳಿತವರಿಗೂ ಬಂದವನು ಇವನೇ ಎಂದು ಗೊತ್ತಾಗಬೇಕು" ಎಂದ.

ಅವನ ಆಸೆಗೆ ನಾನು ನಗಲಿಲ್ಲ. ಸುಗಂಧವನ್ನು ಪ್ರೀತಿಸುವುದು ನಮ್ಮ ಧರ್ಮದಲ್ಲಿ ಕೀಳಾದ ಸಂಗತಿಯಲ್ಲ. ಈ ಲೋಕದಲ್ಲಿ ಪ್ರವಾದಿ(ಸ)ಯವರಿಗೆ ಪ್ರಿಯವಾಗಿದ್ದ ವಸ್ತುಗಳಲ್ಲಿ ಸುಗಂಧವೂ ಒಂದೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಯಾರಾದರೂ ಸುಗಂಧ ಕೊಟ್ಟರೆ ಅವರು ಬೇಡವೆನ್ನುತ್ತಿರಲಿಲ್ಲ. ಅದು ಹೊರಲು ಹಗುರ, ಪರಿಮಳ ಉತ್ತಮ, ಆದ್ದರಿಂದ ನಿರಾಕರಿಸಬೇಡಿರೆಂದು ಇತರರಿಗೂ ತಿಳಿಸಿದ್ದರು. ಜುಮಾ ದಿನ ಸ್ನಾನ ಮಾಡಿ, ಇದ್ದ ಸುಗಂಧವನ್ನು ಹಚ್ಚಿಕೊಂಡು ಬರಬೇಕೆಂಬುದು ಹಝ್ರತ್ ಸಲ್ಮಾನ್ ಫಾರಿಸಿ(ರ)ಯವರು ವರದಿ ಮಾಡಿದ ಹದೀಸ್‌ನಲ್ಲಿದೆ. ಅದೇ ಹದೀಸ್‌ನಲ್ಲಿ ಇನ್ನೊಂದು ಮಾತೂ ಇದೆ: ಮಸೀದಿಯಲ್ಲಿ ಕುಳಿತ ಇಬ್ಬರನ್ನು ಬೇರ್ಪಡಿಸಬಾರದು. ಸುಗಂಧದ ಮಾತು ನಮಗೆ ನೆನಪಿರುತ್ತದೆ, ಅದರ ಬೆನ್ನಿಗೇ ಬರುವ ಈ ಮಾತು ಮರೆತುಹೋಗುತ್ತದೆ.

ಹುಡುಗನಿಗೆ ಉತ್ತರ ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಅವನಿಗೆ ಹೇಳಿದೆ. ಓದುಗರಾದ ನಿಮಗೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಸೊರಬಕ್ಕೆ ಹೋಗಿದ್ದೆ. ಹೊಸ ಜುಬ್ಬಾ, ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. ಅಡಿಕೆ ಸುಗ್ಗಿಯ ಕಾಲವದು. ಇಖಾಮತ್ ಆದಾಗ ನನ್ನ ಬಲಗಡೆ ಒಬ್ಬ ಕೂಲಿಯಾಳು ಬಂದು ನಿಂತ. ಅಡಿಕೆ ಬೇಯಿಸುವ ಹಂಡೆಯ ಬಳಿಯಿಂದ ನೇರವಾಗಿ ಬಂದಿದ್ದನೆಂದು ಕಾಣುತ್ತದೆ. ಬಟ್ಟೆಯಲ್ಲಿ ಹೊಗೆ, ಬೆವರು. ಬೆರಳುಗಳಲ್ಲಿ ತೊಳೆದರೂ ಹೋಗದ ಚೊಗರಿನ ಕಲೆ. ನಾನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಎಡಕ್ಕೆ ನಾಲ್ಕು ಬೆರಳಿನಷ್ಟು ಸರಿದೆ, ಅಷ್ಟೆ.

ಮರುವಾರವೂ ಅಲ್ಲಿಗೆ ಹೋಗುವ ಸಂದರ್ಭ ಬಂತು. ಅದೇ ಮನುಷ್ಯ ಹೊರಗಿನ ಜಗಲಿಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಕೊನೆಯ ಸಾಲಿನಲ್ಲಿ ನಿಂತಿದ್ದ. ಒಳಗೆ ಜಾಗವಿತ್ತು. ನಮಾಝಿನ ನಂತರ ಹತ್ತಿರ ಹೋಗಿ, "ಭಾಯಿ, ಒಳಗೇಕೆ ಬರಲಿಲ್ಲ?" ಎಂದೆ.

"ನನ್ನ ಮೈಯ ವಾಸನೆಯಿಂದ ನಿಮಗೆಲ್ಲ ತೊಂದರೆ, ಹಝ್ರತ್."

"ನಾನು ಹಾಗೆ ಹೇಳಿದೆನೇ?"

"ಹೇಳಲಿಲ್ಲ. ಸರಿದಿರಿ."

ಆ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಲ್ಲಿರಿ, ನಡುವೆ ಬಿರುಕು ಬಿಡಬೇಡಿರೆಂದು ಮಕ್ಕಳಿಗೆ ಕಲಿಸುವವನು ನಾನು. ನಾಲ್ಕು ಬೆರಳಿನ ಬಿರುಕಿನಿಂದ ಒಬ್ಬ ಸತ್ಯವಿಶ್ವಾಸಿಯನ್ನು ಜಗಲಿಗೆ ತಳ್ಳಿಬಿಟ್ಟಿದ್ದೆ. ನನ್ನ ಅತ್ತರು ಆ ದಿನ ಯಾರಿಗಾಗಿ ಇತ್ತು? ನನಗಾಗಿಯೇ ಇತ್ತು.

ಪ್ರವಾದಿ(ಸ)ಯವರ ಕಾಲದಲ್ಲೂ ಇಂಥದೇ ಪ್ರಸಂಗ ಬಂದಿತ್ತು. ಹಝ್ರತ್ ಆಯಿಶಾ(ರ) ಅದನ್ನು ತಿಳಿಸಿದ್ದಾರೆ, ಬುಖಾರಿಯಲ್ಲಿ ಅದು ವರದಿಯಾಗಿದೆ. ಜನರು ಸ್ವತಃ ದುಡಿಯುವವರಾಗಿದ್ದರು. ಮದೀನಾದ ಹೊರವಲಯದ ಅವಾಲಿಯಿಂದ ಧೂಳು ಮೆತ್ತಿಕೊಂಡು, ಬೆವರು ಸುರಿಸುತ್ತಾ ಜುಮಾಕ್ಕೆ ಬರುತ್ತಿದ್ದರು. ಮೈಯಿಂದ ವಾಸನೆ ಬರುತ್ತಿತ್ತು. ಪ್ರವಾದಿ(ಸ)ಯವರು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಈ ದಿನಕ್ಕಾಗಿ ನೀವು ಶುಚಿಯಾಗಿ ಬಂದರೆ ಎಷ್ಟು ಚೆನ್ನಾಗಿತ್ತು ಎಂದಷ್ಟೇ ಮೃದುವಾಗಿ ಹೇಳಿದರು. ತಿದ್ದುವುದಕ್ಕೂ ದೂರ ಸರಿಯುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಇಲ್ಲಿ ಕಲಿಯಬೇಕು.

ನಾನು ಅವನಲ್ಲಿ ಕ್ಷಮೆ ಕೇಳಿದೆ. ಶೀಶೆ ತೆಗೆದು ಅವನ ಮಣಿಕಟ್ಟಿಗೆ ಒಂದು ಗೆರೆ ಅತ್ತರು ಹಚ್ಚಿದೆ. ಅವನು ಬೇಡವೆನ್ನಲಿಲ್ಲ. ಕೈಯನ್ನು ಮೂಗಿನ ಬಳಿ ಹಿಡಿದು, "ಮನೆಗೆ ಹೋಗುವವರೆಗೆ ಇರುತ್ತದೆಯೇ?" ಎಂದು ಕೇಳಿದ. ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ.

ಸಹೋದರರೇ, ಸುಗಂಧವನ್ನು ಆರಿಸುವ ಮೊದಲ ನಿಯಮ ಇದು: ಅದು ಮಗ್ಗುಲಲ್ಲಿ ನಿಂತವನಿಗೆ ಹಿತವಾಗಿರಬೇಕು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಗೆ ಬರಬಾರದೆಂದುದು ಇತರರಿಗೆ ತೊಂದರೆಯಾಗದಿರಲೆಂದೇ. ಮಲೆನಾಡಿನ ಮಳೆಗಾಲದಲ್ಲಿ ಮಸೀದಿಯ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಆಗ ಘಾಟಾದ ಅತ್ತರನ್ನು ಧಾರಾಳವಾಗಿ ಬಳಿದುಕೊಂಡು ಬಂದರೆ ಉಬ್ಬಸವಿರುವ ಹಿರಿಯರು ಏನು ಮಾಡಬೇಕು? ಒಂದು ಗೆರೆ ಸಾಕಾಗುವಲ್ಲಿ ಮೂರು ಬೇಡ.

ಎರಡನೆಯದು, ಮೊದಲ ಹಕ್ಕು ಮನೆಯವರದು. ಜುಮಾಕ್ಕೂ ಮದುವೆಗೂ ಗುಲಾಬಿನ ಪರಿಮಳ, ಹೆಂಡತಿ ಮಕ್ಕಳ ಬಳಿ ಬೀಡಿಯ ವಾಸನೆ ಎಂದಾದರೆ ಅದೆಂಥ ನ್ಯಾಯ? ಪ್ರವಾದಿ(ಸ)ಯವರು ಮನೆಯೊಳಗೆ ಬಂದೊಡನೆ ಮೊದಲು ಮಿಸ್ವಾಕ್ ಮಾಡುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ನಮ್ಮ ಸಹೋದರಿಯರು ಹೊರಗೆ ಹೋಗುವಾಗ ಪರಿಮಳ ಹಚ್ಚದಿರಬೇಕೆಂಬ ಆದೇಶವನ್ನು ಗಂಡಸರು ಬಾಯಿಪಾಠ ಮಾಡಿರುತ್ತಾರೆ. ಮನೆಯಲ್ಲಿ ಅವರಿಗೆ ಸುಗಂಧದ ಪೂರ್ಣ ಹಕ್ಕಿದೆ. ಒಂದು ಶೀಶೆಯನ್ನು ತಂದುಕೊಡುವುದು ತಮ್ಮ ಕೆಲಸವೆಂಬುದನ್ನೂ ಅವರು ನೆನಪಿಡಲಿ.

ಮೂರನೆಯದು, ವ್ಯಾಪಾರದ ಪ್ರಾಮಾಣಿಕತೆ. ನಾವಿರುವುದು ಶ್ರೀಗಂಧದ ಸೀಮೆಯಲ್ಲಿ. ಸೊರಬಕ್ಕೆ ಸುರಭಿಪುರ ಎಂಬ ಹಳೆಯ ಹೆಸರಿತ್ತೆಂದು ಹಿರಿಯರು ಹೇಳುವುದುಂಟು. ಸುರಭಿ ಎಂದರೆ ಕಾಮಧೇನು, ಪರಿಮಳವೂ ಹೌದು. ಅಲ್ಲಿಯ ಗುಡಿಗಾರರ ಗಂಧದ ಕೆತ್ತನೆ ನಾಡಿಗೆಲ್ಲ ಪರಿಚಿತ. ಮೈಸೂರಿನಲ್ಲಿ 1916ರಲ್ಲಿ, ಶಿವಮೊಗ್ಗದಲ್ಲಿ 1944ರಲ್ಲಿ ಗಂಧದೆಣ್ಣೆಯ ಸರಕಾರಿ ಕಾರ್ಖಾನೆಗಳು ಸ್ಥಾಪನೆಯಾದವು. ಕನೌಜಿನ ಅತ್ತರುಗಾರರು ಹೂವನ್ನು ನೀರಿನೊಂದಿಗೆ ತಾಮ್ರದ ಹಂಡೆಯಲ್ಲಿ ಕಾಯಿಸಿ, ಅದರ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಇನ್ನೊಂದು ಪಾತ್ರೆಯ ಗಂಧದೆಣ್ಣೆಗೆ ಇಳಿಸುತ್ತಾರೆ. ಹೂವಿನ ಪರಿಮಳವನ್ನು ಹಿಡಿದಿಡುವುದು ಆ ಎಣ್ಣೆಯೇ. ಗಂಧದೆಣ್ಣೆ ದುಬಾರಿಯಾದ ಮೇಲೆ ಅದರ ಬದಲು ಅಗ್ಗದ ಎಣ್ಣೆಗಳು ಬಂದಿವೆ. ಅಗ್ಗದ್ದನ್ನು ಅಗ್ಗದ್ದೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಗಂಧದ್ದೆಂದು ಹೇಳಿ ಮಾರಿದರೆ ಅದು ವಂಚನೆ.

ಕುರ್‌ಆನಿನ 83ನೆಯ ಅಧ್ಯಾಯ ಅಲ್ ಮುತಫ್ಫಿಫೀನನ್ನು ಗಮನವಿಟ್ಟು ಓದಿರಿ. ಅದು ಆರಂಭವಾಗುವುದು ಅಳತೆ ತೂಕಗಳಲ್ಲಿ ಮೋಸ ಮಾಡುವವರಿಗೆ ಕೊಟ್ಟ ಎಚ್ಚರಿಕೆಯಿಂದ. ಅದೇ ಅಧ್ಯಾಯದ 26ನೆಯ ಸೂಕ್ತದಲ್ಲಿ ಸ್ವರ್ಗವಾಸಿಗಳ ಪಾನೀಯಕ್ಕೆ ಕಸ್ತೂರಿಯ ಮುದ್ರೆಯಿರುವುದೆಂಬ ಸುವಾರ್ತೆಯಿದೆ. ಪೈಪೋಟಿ ನಡೆಸುವವರು ಅದಕ್ಕಾಗಿ ನಡೆಸಲಿ ಎಂಬ ಕರೆಯಿದೆ. ಒಂದು ತೊಲ ಎಂದರೆ ಹನ್ನೆರಡು ಗ್ರಾಮೂ ಇಲ್ಲ. ಅಷ್ಟರಲ್ಲಿ ಕದ್ದವನು ಆ ಕಸ್ತೂರಿಯನ್ನು ಯಾವ ಮುಖದಿಂದ ಬಯಸಬಲ್ಲ?

ಕೊನೆಯದು ಎಲ್ಲಕ್ಕಿಂತ ದೊಡ್ಡದು. ಗಂಧದ ಮರದ ಹೊರಗಿನ ಬಿಳಿಯ ಭಾಗದಲ್ಲಿ ಪರಿಮಳವಿಲ್ಲ. ಪರಿಮಳ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದು ಕೂಡಲು ಹಲವು ವರ್ಷಗಳೇ ಬೇಕು. ಮನುಷ್ಯನೂ ಹಾಗೆಯೇ. ಕುರ್‌ಆನ್ ಓದುವ ಸತ್ಯವಿಶ್ವಾಸಿಯನ್ನು ಪ್ರವಾದಿ(ಸ)ಯವರು ಮಾದಲ ಹಣ್ಣಿಗೆ ಹೋಲಿಸಿದರು: ಪರಿಮಳವೂ ಉತ್ತಮ, ರುಚಿಯೂ ಉತ್ತಮ. ಕುರ್‌ಆನ್ ಓದುವ ಕಪಟಿಯನ್ನು ಸುವಾಸನೆಯ ಗಿಡಕ್ಕೆ ಹೋಲಿಸಿದರು: ಮೂಗಿಗೆ ಹಿತ, ಬಾಯಿಗೆ ಕಹಿ. ಸೊರಬದಲ್ಲಿ ಆ ಶುಕ್ರವಾರ ನಾನು ಯಾವುದಕ್ಕೆ ಹತ್ತಿರವಿದ್ದೆ ಎಂದು ನೆನೆದರೆ ಭಯವಾಗುತ್ತದೆ.

ಇಷ್ಟೆಲ್ಲ ಕೇಳಿದ ಹುಡುಗ, "ಹಾಗಾದರೆ ನಾಲ್ಕರಲ್ಲಿ ಯಾವುದು, ಹಝ್ರತ್?" ಎಂದ. ನಾನು ಖಸ್‌ನ ಶೀಶೆಯನ್ನು ತೋರಿಸಿದೆ. ಅದು ನಮ್ಮ ಲಾವಂಚದ ಬೇರಿನದು, ತಂಪು, ಯಾರಿಗೂ ತಲೆನೋವು ತರದು ಎಂದುಕೊಂಡೆ. "ಆದರೆ ಒಂದು ಷರತ್ತು. ಜುಮಾಕ್ಕೆ ಹೋದಾಗ ನೀನು ಹಚ್ಚಿಕೊಂಡ ಮೇಲೆ ಎಡಬಲದಲ್ಲಿ ಕುಳಿತವರ ಕೈಗೂ ಹಚ್ಚು. ಹರಿದ ಅಂಗಿಯವನಿಗೆ ಮೊದಲು ಹಚ್ಚು" ಎಂದೆ. ಅವನು ಒಪ್ಪಿಕೊಂಡ. ಉಳಿದ ಮೂರನ್ನು ಜೇಬಿಗೆ ಹಾಕಿಕೊಂಡು, ಖಸ್‌ನ ಮುಚ್ಚಳ ತೆಗೆದು, ಮೊದಲು ನನ್ನ ಕೈ ಹಿಡಿದ.

ಜನರು ನಮ್ಮನ್ನು ಪರಿಮಳದಿಂದ ಗುರುತಿಸುವುದಾದರೆ ಗುರುತಿಸಲಿ. ನಾವು ಎದ್ದುಹೋದ ಮೇಲೂ ಅವರ ಮನಸ್ಸಿನಲ್ಲಿ ಕಹಿ ಉಳಿಯದಿರಲಿ. ಅಲ್ಲಾಹನು ನಮ್ಮ ಒಳಗನ್ನು ಹೊರಗಿಗಿಂತ ಶುಚಿಗೊಳಿಸಲಿ, ನಮ್ಮ ಸಾಲುಗಳಲ್ಲಿ ಬಿರುಕು ಇಲ್ಲದಂತೆ ಮಾಡಲಿ. ಆಮೀನ್.