ಕೊಟ್ಟ ಮಾತಿನ ಬೆಲೆ ಯಾರು ತೆರಬೇಕು?

1987ರ ಮಾರ್ಚ್ ಮೊದಲ ವಾರದಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗವರ್ನರ್ ಬಿಲ್ ಕ್ಲೆಮೆಂಟ್ಸ್ ಪತ್ರಕರ್ತರ ಮುಂದೆ ಒಂದು ವಿಷಯ ಒಪ್ಪಿಕೊಂಡರು. ಎರಡನೇ ಬಾರಿ ಗವರ್ನರ್ ಆಗುವ ಮುನ್ನ ಅವರು ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿದ್ದರು. ಅಲ್ಲಿನ ಫುಟ್‌ಬಾಲ್ ಆಟಗಾರರಿಗೆ ಗುಟ್ಟಾಗಿ ಹಣ ಸಂದಾಯವಾಗುತ್ತಿದ್ದದ್ದು ತಮಗೆ ಗೊತ್ತಿತ್ತು, ಗೊತ್ತಿದ್ದೂ ಒಮ್ಮೆಲೇ ನಿಲ್ಲಿಸಲಿಲ್ಲ ಎಂದರು. ಹುಡುಗರಿಗೆ ಆಗಲೇ ಮಾತು ಕೊಟ್ಟಾಗಿತ್ತು. ಹೊಸಬರಿಗೆ ಕೊಡುವುದು ಬೇಡ, ಹಳಬರಿಗೆ ಒಪ್ಪಿಕೊಂಡಷ್ಟನ್ನು ಕೊಟ್ಟು ಮೆಲ್ಲಗೆ ಮುಗಿಸೋಣ ಎಂದು ಮಂಡಳಿಯವರು ತೀರ್ಮಾನಿಸಿದ್ದರಂತೆ.

ಹಗರಣಗಳಲ್ಲಿ ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು ಎರಡೇ ಮಾತು: ನನಗೆ ಗೊತ್ತಿರಲಿಲ್ಲ, ಅಥವಾ ಕೆಳಗಿನವರು ಮಾಡಿದ್ದು. ಕ್ಲೆಮೆಂಟ್ಸ್ ಹೇಳಿದ್ದು ಎರಡೂ ಅಲ್ಲ. ಮಾತಿಗೆ ತಪ್ಪಬಾರದೆಂದೇ ಮೋಸ ಮುಂದುವರಿಸಿದೆವು ಎಂಬುದು ಅವರ ವಾದದ ತಿರುಳು. ಮೊದಲು ಕೇಳಿದಾಗ ನಗು ಬರುತ್ತದೆ, ನಿಜ. ಆದರೆ ನಕ್ಕು ಪಕ್ಕಕ್ಕಿಡುವಂಥ ವಾದವಲ್ಲ ಇದು.

ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಅಂತರಕಾಲೇಜು ಪಂದ್ಯಾವಳಿಯಂಥದ್ದಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆ ಆಟಕ್ಕೆ ಲಕ್ಷ ಜನ ಹಿಡಿಸುವ ಕ್ರೀಡಾಂಗಣಗಳಿವೆ, ಟಿವಿಯಿಂದ ಕೋಟಿಗಟ್ಟಲೆ ಡಾಲರ್ ಬರುತ್ತದೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳದವರ ಪೈಕಿ ಅತಿ ಹೆಚ್ಚು ಪಡೆಯುವಾತ ಯಾವುದೋ ಸರ್ಕಾರಿ ವಿಶ್ವವಿದ್ಯಾಲಯದ ಕೋಚ್. ಆಡುವ ಹುಡುಗನಿಗೆ ಮಾತ್ರ ಆಗ ಸಿಗುತ್ತಿದ್ದದ್ದು ಫೀಸು, ಊಟ, ವಸತಿ, ಪುಸ್ತಕ. ಅದರಾಚೆ ಒಂದು ಡಾಲರ್ ಮುಟ್ಟಿದರೂ ಅಪರಾಧ ಎಂಬುದು ಎನ್‌ಸಿಎಎ ಎಂಬ ಕಾಲೇಜುಗಳ ಒಕ್ಕೂಟ ದಶಕಗಳ ಕಾಲ ಕಾಯ್ದುಕೊಂಡು ಬಂದ ನಿಯಮ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗನ ಮನೆಗೆ ಕೋಚ್ ಯಾವಾಗ ಹೋಗಬಹುದು, ಫೋನು ಎಷ್ಟು ಸಲ ಮಾಡಬಹುದು ಎಂಬುದಕ್ಕೂ ಕಟ್ಟಳೆಗಳಿದ್ದವು. ಕೋಚ್‌ಗಳ ಹಿಂದೆಯೇ ಬರುವವರು ಬೂಸ್ಟರ್‌ಗಳು, ಅಂದರೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳೋ ಅಭಿಮಾನಿಗಳೋ ಆದ ಹಣವಂತರು. ಟೆಕ್ಸಾಸ್‌ನಲ್ಲಿ ಅವರಿಗೆ ಎಣ್ಣೆಯ ದುಡ್ಡಿತ್ತು, ಜಮೀನಿನ ದುಡ್ಡಿತ್ತು. 1979ರಲ್ಲಿ ಎರಿಕ್ ಡಿಕರ್ಸನ್ ಎಂಬ ಹುಡುಗನಿಗಾಗಿ ಆ ರಾಜ್ಯದ ಕಾಲೇಜುಗಳು ಹಗ್ಗಜಗ್ಗಾಟ ನಡೆಸಿದ್ದಾಗ ಅವನ ಬಳಿ ಇದ್ದಕ್ಕಿದ್ದಂತೆ ಚಿನ್ನದ ಬಣ್ಣದ ಟ್ರಾನ್ಸ್ ಆಮ್ ಕಾರು ಕಾಣಿಸಿಕೊಂಡಿತು. ಅಜ್ಜಿ ಕೊಡಿಸಿದ್ದು ಎಂಬ ಉತ್ತರ ಬಂತು. ಊರೆಲ್ಲ ನಕ್ಕಿತು. ಅವನು ಕೊನೆಗೆ ಸೇರಿದ್ದು ಸದರ್ನ್ ಮೆಥಡಿಸ್ಟ್‌ಗೆ.

1985ರಲ್ಲಿ ಒಕ್ಕೂಟ ಈ ವಿಶ್ವವಿದ್ಯಾಲಯಕ್ಕೆ ಕಠಿಣ ಶಿಕ್ಷೆ ವಿಧಿಸಿತು. ಅದಾದ ಮೇಲೂ 13 ಆಟಗಾರರಿಗೆ ಒಬ್ಬ ಬೂಸ್ಟರ್‌ನ ನಿಧಿಯಿಂದ ಸುಮಾರು 61,000 ಡಾಲರ್ ಸಂದಿತ್ತು. 1986ರ ನವೆಂಬರಿನಲ್ಲಿ ಡೇವಿಡ್ ಸ್ಟ್ಯಾನ್ಲಿ ಎಂಬ ಮಾಜಿ ಆಟಗಾರ ಡಲ್ಲಾಸ್‌ನ ಟಿವಿ ವಾಹಿನಿಯೊಂದರಲ್ಲಿ ತನಗೂ ಹಣ ಬಂದದ್ದನ್ನು ಹೇಳಿದ. ವಾಹಿನಿಯ ವರದಿಗಾರ ಹಣ ಬಂದಿತ್ತೆನ್ನಲಾದ ಒಂದು ಲಕೋಟೆಯನ್ನು ಕ್ರೀಡಾ ವಿಭಾಗದ ಅಧಿಕಾರಿಯ ಮುಂದೆ ಹಿಡಿದ. ಅದರ ಮೇಲೆ ಆ ಅಧಿಕಾರಿಯದೇ ಹೆಸರಿನ ಮೊದಲಕ್ಷರಗಳಿದ್ದವು. ಹಣ ಕಳಿಸಿಲ್ಲ ಎಂದರು ಅವರು. ಮೂರೂವರೆ ತಿಂಗಳಲ್ಲಿ, 1987ರ ಫೆಬ್ರುವರಿ 25ರಂದು, ತಂಡದ ಆ ವರ್ಷದ ಆಟವನ್ನೇ ಒಕ್ಕೂಟ ರದ್ದು ಮಾಡಿತು. ಮರಣದಂಡನೆ ಎಂದೇ ಅದಕ್ಕೆ ಹೆಸರು ಬಿತ್ತು.

ಈಗ ಕ್ಲೆಮೆಂಟ್ಸ್ ಪರವಾಗಿ ವಾದಿಸೋಣ. ದುಡಿದವನಿಗೆ ದುಡ್ಡು ಕೊಡಬಾರದೆಂಬ ನಿಯಮವೇ ಅನ್ಯಾಯದ್ದು. ಅದು ಎಷ್ಟು ಹಾಸ್ಯಾಸ್ಪದ ಮಟ್ಟ ಮುಟ್ಟಿತ್ತೆಂದರೆ, ಆಟಗಾರರಿಗೆ ಬೇಗಲ್ ಎಂಬ ಬನ್ನು ಕೊಡಬಹುದಿತ್ತು, ಅದಕ್ಕೆ ಕ್ರೀಮ್ ಚೀಸ್ ಸವರಿದರೆ ಉಲ್ಲಂಘನೆಯಾಗುತ್ತಿತ್ತು. 1951ರಿಂದ 1987ರವರೆಗೆ ಒಕ್ಕೂಟವನ್ನು ನಡೆಸಿ, ಆ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದ ವಾಲ್ಟರ್ ಬೈಯರ್ಸ್ ಅವರೇ ನಿವೃತ್ತರಾದ ಮೇಲೆ ಪುಸ್ತಕ ಬರೆದು ಅದನ್ನು ಖಂಡಿಸಿದರು. (ನಿವೃತ್ತಿಯ ನಂತರ ತೆರೆಯುವ ಕಣ್ಣುಗಳ ಬಗ್ಗೆ ಬೇರೆಯೇ ಪ್ರಬಂಧ ಬರೆಯಬಹುದು.) 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದ ತೀರ್ಪಿನಲ್ಲಿ ಈ ಕಟ್ಟುಪಾಡುಗಳ ಒಂದು ಭಾಗವನ್ನು ಕಿತ್ತುಹಾಕಿತು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಬಹುದಾಯಿತು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದಾಯಿತು, ಮೊದಲ ವರ್ಷ ಒಂದೊಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಹಾಗಾದರೆ 1985ರಲ್ಲಿ ಲಕೋಟೆ ಕೊಟ್ಟವರು ಕಾಲಕ್ಕಿಂತ ಮುಂದಿದ್ದ ಸುಧಾರಕರು ಎನ್ನಬೇಕಲ್ಲವೆ?

ನಾನು ಹಾಗೆನ್ನಲಾರೆ. ನಿಯಮ ಕೆಟ್ಟದ್ದಾಗಿತ್ತು ಎಂಬುದನ್ನು ಪೂರ್ತಿ ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಆ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. 13 ಜನಕ್ಕೆ 61,000 ಎಂದರೆ ತಲೆಗೆ ಐದು ಸಾವಿರ ಡಾಲರ್ ಕೂಡ ಇಲ್ಲ. ಅಷ್ಟು ಅಗ್ಗಕ್ಕೆ ಒಳ್ಳೆಯ ಆಟಗಾರರು ದಕ್ಕಿದ್ದು ಹೇಗೆ? ಉಳಿದವರು ಕೊಡಬಾರದೆಂಬ ನಿಯಮ ಇದ್ದದ್ದರಿಂದ. ನಿಯಮ ಹೋಗಿ ಎಲ್ಲರೂ ಬಹಿರಂಗವಾಗಿ ಹರಾಜು ಕೂಗಿದ್ದರೆ ಆ ಹುಡುಗರ ಬೆಲೆ ಎಲ್ಲಿಗೆ ಏರುತ್ತಿತ್ತು ಎಂಬುದನ್ನು ಈಗಿನ ಅಂಕಿಗಳು ತೋರಿಸುತ್ತವೆ. ಅಂದರೆ ಲಕೋಟೆ ಕೊಡುವವನಿಗೆ ನಿಯಮ ಅಡ್ಡಿಯಾಗಿರಲಿಲ್ಲ, ಅವನ ಲಾಭವೆಲ್ಲ ಅದರ ನೆರಳಲ್ಲೇ ಬೆಳೆದದ್ದು. ಹುಡುಗರು ಶೋಷಣೆಗೊಳಗಾಗಿದ್ದಾರೆ ಎಂದು ಅವನಿಗೆ ನಿಜವಾಗಿ ಅನ್ನಿಸಿದ್ದರೆ ಒಕ್ಕೂಟದ ಸಭೆಯಲ್ಲಿ ಎದ್ದು ಹೇಳಬಹುದಿತ್ತು. ವಿಶ್ವವಿದ್ಯಾಲಯಕ್ಕೆ ಅಲ್ಲಿ ಮತವಿತ್ತು. ಆಟಗಾರನಿಗೆ ಇರಲಿಲ್ಲ.

ಇದೇ ಕಾರಣಕ್ಕೆ ಕೊಟ್ಟವನ ತಪ್ಪನ್ನೂ ತೆಗೆದುಕೊಂಡವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣುವುದಿಲ್ಲ. ಹದಿನೆಂಟರ ಹುಡುಗ ತಾನು ಬರೆಯದ, ಬದಲಿಸಲಾಗದ ನಿಯಮವೊಂದನ್ನು ಮುರಿದ. ಮಂಡಳಿಯವರು ತಾವೇ ಸಹಿ ಹಾಕಿದ್ದನ್ನು ಮುರಿದರು. ಸಾಲದ್ದಕ್ಕೆ, ಗುಟ್ಟಾಗಿ ಕೊಟ್ಟ ಹಣ ಕೊಡುವವನ ಕೈಯಲ್ಲಿ ಲಗಾಮಾಗುತ್ತದೆ. ಬಾಕಿ ಉಳಿಸಿಕೊಂಡರೆ ಹುಡುಗ ಯಾವ ಕೋರ್ಟಿಗೂ ಹೋಗುವಂತಿಲ್ಲ, ಬಾಯಿಬಿಟ್ಟರೆ ಮೊದಲು ಹೋಗುವುದು ಅವನ ಆಟವೇ.

ಮಾತು ಉಳಿಸಿಕೊಂಡ ವಾದಕ್ಕೆ ಬರೋಣ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತಿನ ತೂಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಹಸು ಹುಲಿಯ ಬಳಿಗೆ ಮರಳಿದಾಗ ಒಡ್ಡಿದ್ದು ತನ್ನದೇ ಜೀವವನ್ನು. ಡಲ್ಲಾಸ್‌ನ ಮಂಡಳಿ ಒಂದು ಮಾತು ಉಳಿಸಿಕೊಳ್ಳಲು ಇನ್ನೊಂದು ಮಾತನ್ನು, ನಿಯಮ ಪಾಲಿಸುತ್ತೇವೆಂದು ಎದುರಾಳಿ ಕಾಲೇಜುಗಳಿಗೆ ಕೊಟ್ಟದ್ದನ್ನು, ಒತ್ತೆಯಿಟ್ಟಿತು. ಅದೂ ಹೋಗಲಿ, ಎರಡು ಮಾತುಗಳು ಎದುರುಬದುರಾಗಿ ನಿಂತಾಗ ಒಂದು ಮುರಿಯಲೇಬೇಕು. ಆದರೆ ಮುರಿದದ್ದನ್ನು ಯಾರಿಗೆ ಮುರಿದೆವೋ ಅವರಿಗೆ ಹೇಳುವುದಕ್ಕೆ ಏನಡ್ಡಿ? ಈ ಹುಡುಗರಿಗೆ ಹಣ ಕೊಡುತ್ತೇವೆಂದು ಒಪ್ಪಿದ್ದೇವೆ, ಕೊಡುತ್ತೇವೆ, ನೀವು ಏನು ಶಿಕ್ಷೆ ಕೊಡುತ್ತೀರೋ ಕೊಡಿ ಎಂದು ಹೇಳಿದ್ದರೆ ನಾನು ಅವರ ಪರ ನಿಲ್ಲುತ್ತಿದ್ದೆ.

ಇದು ಯಾರಿಂದಲೂ ಆಗದ ಸಾಹಸವೇನಲ್ಲ. 1948ರಲ್ಲಿ ಒಕ್ಕೂಟ ಆಟಗಾರರ ನೆರವಿನ ಮೇಲೆ ಬಿಗಿಯಾದ ನೀತಿಸಂಹಿತೆ ತಂದಾಗ ಏಳು ಕಾಲೇಜುಗಳು ಅದನ್ನು ಪಾಲಿಸದೆ ಉಳಿದವು. ಅವುಗಳಲ್ಲೊಂದಾದ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ಕೋಲ್ಗೇಟ್ ಡಾರ್ಡನ್ ಇದು ನಮ್ಮಿಂದಾಗದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಪಾಪಿ ಏಳ್ವರು ಎಂಬ ಪಟ್ಟವೇನೋ ಆ ಕಾಲೇಜುಗಳಿಗೆ ಸಿಕ್ಕಿತು. 1950ರಲ್ಲಿ ಅವುಗಳನ್ನು ಹೊರಹಾಕುವ ನಿರ್ಣಯ ಮತಕ್ಕೆ ಬಂದಾಗ ಬೇಕಾದ ಮೂರನೇ ಎರಡರಷ್ಟು ಬಹುಮತ ಸಿಗಲಿಲ್ಲ. ಮರುವರ್ಷ ಸಂಹಿತೆಯೇ ಬಿದ್ದುಹೋಯಿತು. ಬಹಿರಂಗವಾಗಿ ಮುರಿದವರಿಂದ ನಿಯಮ ಬದಲಾಯಿತು. ಅದರ ನಂತರ ಮೂರು ದಶಕ ಲಕೋಟೆ ಹಂಚಿದವರಿಂದ ದಪ್ಪವಾದದ್ದು ನಿಯಮಪುಸ್ತಕ ಮಾತ್ರ.

ಕಾಲ ಕಳೆದು ನಿಯಮ ಸತ್ತ ಮೇಲೆ ಹಳೆಯ ತಪ್ಪು ತಪ್ಪಾಗಿಯೇ ಉಳಿಯುತ್ತದೆಯೆ? ರೆಗ್ಗಿ ಬುಷ್ ಎಂಬ ಆಟಗಾರ 2005ರಲ್ಲಿ ಗೆದ್ದ ಹೈಸ್ಮನ್ ಪ್ರಶಸ್ತಿ, ಅಂದರೆ ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಸಲ್ಲುವ ಗೌರವ, ಏಜೆಂಟರಿಂದ ಅವರ ಕುಟುಂಬಕ್ಕೆ ಸಿಕ್ಕ ಸವಲತ್ತುಗಳ ಕಾರಣ 2010ರಲ್ಲಿ ವಾಪಸು ಹೋಗಿತ್ತು. 2024ರಲ್ಲಿ ಅದನ್ನು ಮರಳಿ ಕೊಟ್ಟರು. ಸರಿಯಾಗಿಯೇ ಮಾಡಿದರು ಎನ್ನುತ್ತೇನೆ, ಆಟಗಾರನ ವಿಷಯದಲ್ಲಿ. ಸಂಸ್ಥೆಗಳಿಗೆ ಅದೇ ಔದಾರ್ಯ ಸಲ್ಲದು. 2023ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯಕ್ಕೆ 200ಕ್ಕೂ ಹೆಚ್ಚು ಉಲ್ಲಂಘನೆಗಳಿಗಾಗಿ 80 ಲಕ್ಷ ಡಾಲರ್ ದಂಡ ಬಿತ್ತು. ಆದರೂ ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯಗಳಿಂದ ಅದನ್ನು ಹೊರಗಿಡಲಿಲ್ಲ, ಏಕೆಂದರೆ ತನ್ನ ಕೋಚನ್ನು ತಾನೇ ತನಿಖೆ ಮಾಡಿ ಕೆಲಸದಿಂದ ತೆಗೆದಿತ್ತು. ತಪ್ಪನ್ನು ತಾನೇ ಬಯಲಿಗೆಳೆದವರಿಗೂ ಮುಚ್ಚಿಟ್ಟವರಿಗೂ ನಡುವಿನ ಈ ವ್ಯತ್ಯಾಸ ನ್ಯಾಯವಾದದ್ದೇ.

ಡಲ್ಲಾಸ್‌ನಲ್ಲಿ ಶಿಕ್ಷೆ ಪ್ರಕಟವಾದದ್ದೇ ತಡ, ಅಲ್ಲಿನ ಆಟಗಾರರು ಬೇರೆ ಕಾಲೇಜಿಗೆ ಹೋಗಬಹುದೆಂದು ತಿಳಿದ ಹತ್ತಾರು ಕಾಲೇಜುಗಳ ಕೋಚ್‌ಗಳು ಕ್ಯಾಂಪಸ್ಸಿಗೆ ಲಗ್ಗೆಯಿಟ್ಟರು. 1988ರ ಆಟವನ್ನು ವಿಶ್ವವಿದ್ಯಾಲಯ ತಾನಾಗಿಯೇ ಕೈಬಿಟ್ಟಿತು. 1989ರಲ್ಲಿ ಮತ್ತೆ ಮೈದಾನಕ್ಕಿಳಿದ ತಂಡದಲ್ಲಿದ್ದವರು ಬಹುಪಾಲು ಹೊಸ ಹುಡುಗರು, ಲಕೋಟೆಯ ಮುಖವನ್ನೇ ನೋಡದವರು. ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಅವರನ್ನು 95–21ರಿಂದ ಸೋಲಿಸಿತು. ಮಾತು ಉಳಿಸಿಕೊಂಡ ಕ್ಲೆಮೆಂಟ್ಸ್ ಆಗಿನ್ನೂ ಟೆಕ್ಸಾಸ್‌ನ ಗವರ್ನರ್ ಆಗಿದ್ದರು, 1991ರಲ್ಲಿ ಅವಧಿ ಮುಗಿಸಿಯೇ ಇಳಿದರು.