ಯಾರ ದಂಡಿನ್ಯಾಗ ಇದ್ದ ನಮ್ಮ ಮುತ್ಯಾ?

ನಮ್ಮ ಮನೆಯ ಜಂತಿಯಲ್ಲಿ ಒಂದು ಕೋಲು ಸಿಗಿಸಿದೆ. ಆಳೆತ್ತರದ ಕೋಲು, ತುದಿಗೆ ನಾಲ್ಕು ಗೆಜ್ಜೆ. ಅದು ಕಿತ್ತೂರ ದಂಡಿನ ಕಾಲದ್ದು, ನಮ್ಮ ಮುತ್ಯಾನ ಮುತ್ಯಾ ಚೆನ್ನಮ್ಮನ ಕೋಟೆ ಕಾವಲಿಗೆ ಹಿಡಿದ ಕೋಲು ಎಂದು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇವೆ. 2024ರಲ್ಲಿ ಕಿತ್ತೂರ ಕಾಳಗಕ್ಕೆ ಇನ್ನೂರು ವರ್ಷ ತುಂಬಿತು. ಉತ್ಸವದ ಮೆರವಣಿಗೆಗೆ ಕೋಲು ಒಯ್ಯಲೇಬೇಕೆಂದು ನಮ್ಮಲ್ಲಿ ಕಿರಿಯವನು ಹಟ ಹಿಡಿದ. ಬೈಲಹೊಂಗಲದಿಂದ ಬಂದಿದ್ದ ಬೀಗರ ಹುಡುಗ ನಕ್ಕುಬಿಟ್ಟ.

"ನಿಮ್ಮಾಂವ ಕೋಟಿ ಒಳಗ ಇದ್ನೋ ಹೊರಗ ಇದ್ನೋ, ಯಾಂವ ಕಂಡಾನ? ನಮ್ಮ ಹಿರ್ಯಾ ಕುಂಪಣಿ ಪಲ್ಟನ್ನ್ಯಾಗ ಇದ್ದ. ಹಂಗಂತ ಹೇಳಾಕ ನಮಗೇನು ನಾಚಿಕಿ ಇಲ್ಲ."

"ಹಂಗಾದ್ರ ನಿಮ್ಮದು ದ್ರೋಹಿಗಳ ವಂಶ ಬಿಡಪಾ" ಎಂದ ನಮ್ಮವನು. ಬೀಗರು ತಾಟು ಬಿಟ್ಟು ಎದ್ದರು. ಒಂದೇ ಕೇರಿಯ ರಕ್ತ, ಒಂದೇ ಊರ ಹೊರಗಿನ ಬಾವಿ. ಇನ್ನೂರು ವರ್ಷದ ಹಿಂದಿನ ಯಾರದೋ ಬಾವುಟಕ್ಕಾಗಿ ನಮ್ಮ ನಡುವೆ ಮಾತು ನಿಂತುಹೋಯಿತು. ಆವತ್ತು ನಾವು ಅಣ್ಣತಮ್ಮಂದಿರು ನಿಶ್ಚಯ ಮಾಡಿದೆವು: ಹುಡುಕೋಣ, ಕಾಗದ ಏನು ಹೇಳುತ್ತದೋ ನೋಡೋಣ.

ಹುಡುಕಲು ಹೊರಟವರಿಗೆ ಮೊದಲು ಸಿಗುವವರು ಹೆಸರುಳ್ಳವರು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಸಾಹೇಬನ ಹೆಸರಿದೆ. ಅವನ ಜೊತೆ ಬಿದ್ದ ಫಿರಂಗಿ ದಳದ ಬ್ಲ್ಯಾಕ್ ಇದ್ದಾನೆ. ಸೆರೆಸಿಕ್ಕ ಎಲಿಯಟ್, ಸ್ಟೀವನ್ಸನ್ ಇದ್ದಾರೆ. ಈ ಕಡೆ ಚೆನ್ನಮ್ಮ, ಗುರುಸಿದ್ದಪ್ಪ, ಅಮಟೂರ ಬಾಳಪ್ಪ, ರಾಯಣ್ಣ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. 1831ರ ಜನವರಿಯಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದರು. ಸರಕಾರದ ಕಡತ ಅವನನ್ನು ಬಂಡುಕೋರನೆಂದಿತು. ಲಾವಣಿಕಾರರು ಅವನ ಕೈ ಬಿಡಲಿಲ್ಲ. ಆ ಲಾವಣಿಯನ್ನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಮುತ್ಯಾನ ಮೇಲೆ ಕಡತವೂ ಇಲ್ಲ, ಲಾವಣಿಯೂ ಇಲ್ಲ.

ಒಕ್ಕಲು ಮನೆಗಳಿಗಾದರೆ ಹೆಳವರಿದ್ದಾರೆ. ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು, ಯಾರ ಮಗ ಯಾರು, ಯಾವ ಊರಿಂದ ಯಾವ ಊರಿಗೆ ಬಂದ ಎಂದು ತಲೆಮಾರುಗಳನ್ನು ಎಣಿಸಿ ಹೇಳಿ ಕಾಳು ಕಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ಕೇರಿಯ ಕಡೆ ಆ ಎತ್ತು ಮುಖ ತಿರುಗಿಸಿದ್ದನ್ನು ನಮ್ಮ ಆಯಿ ತನ್ನ ಜೀವಮಾನದಲ್ಲಿ ಕಂಡಿಲ್ಲ. ಒಂದು ಕಚೇರಿಯಲ್ಲಂತೂ ಗುಮಾಸ್ತ ಕನ್ನಡಕ ಏರಿಸಿ ಕೇಳಿದ: "ನಿಮಗ್ಯಾಕ್ರೀ ವಂಶಾವಳಿ? ಜಾತಿ ಸರ್ಟಿಫಿಕೇಟಿಗೇನು?" ಸವದತ್ತಿಯ ಕಡೆ ನಮ್ಮ ಸಂಬಂಧಿಕನೊಬ್ಬನಿದ್ದಾನೆ. ಅವನ ಅವ್ವನಿಗೆ ಗುಡ್ಡದಲ್ಲಿ ಮುತ್ತು ಕಟ್ಟಿದ್ದರು. ದೇವದಾಸಿ ಪದ್ಧತಿಗೆ 1982ರಲ್ಲಿ ಕಾನೂನು ಬರುವ ಹೊತ್ತಿಗೆ ಅವನು ಶಾಲೆ ಸೇರಿಯಾಗಿತ್ತು. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ. ಅವನು ಯಾವ ದಂಡಿನಲ್ಲಿ ತನ್ನ ಮುತ್ಯಾನನ್ನು ಹುಡುಕಬೇಕು?

ಕಡೆಗೆ ಮೋಡಿ ಓದಬಲ್ಲ ಹಿರಿಯರೊಬ್ಬರು ಸಿಕ್ಕರು. ಹಳೆಯ ಕಾಗದ ಬಿಚ್ಚಿ, ಬೆರಳಿಟ್ಟು, ನಿಧಾನ ಓದಿದರು. ನಮ್ಮ ಮನೆತನದ ಹೆಸರು ಇತ್ತು! ಎದೆ ಡವಡವ ಅಂದಿತು. ಹೆಸರಿನ ಮುಂದೆ ದಂಡು ಇರಲಿಲ್ಲ, ಕೋಟೆ ಇರಲಿಲ್ಲ. ಊರ ಚಾಕರಿ ಎಂದಿತ್ತು. ಚಾಕರಿಗೆ ಪ್ರತಿಯಾಗಿ ತುಂಡು ಹೊಲ.

ಊರ ಚಾಕರಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇವೆ. ಟಪಾಲು ಹೊರುವುದು, ಸಾಹೇಬನಿಗೆ ದಾರಿ ತೋರಿಸುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಮುಟ್ಟಿಸುವುದು, ಕಂದಾಯ ಕೊಡದವರನ್ನು ಚಾವಡಿಗೆ ಕರೆತರುವುದು. ಊರ ಗಡಿಯ ತಂಟೆ ಬಂದರೆ ಮಾತ್ರ ಹೊಲೆಯನ ಸಾಕ್ಷಿ ಬೇಕು. ಗಡಿ ತೋರಿಸಿದವನು ಗಡಿಯ ಹೊರಗೇ ಇರಬೇಕು. ಅರಸ ಯಾರಾದರೂ ಆಗಲಿ, ಈ ಚಾಕರಿ ಬದಲಾಗಲಿಲ್ಲ. ಕಿತ್ತೂರ ದೇಸಾಯಿ ಹೋಗಿ ಕುಂಪಣಿ ಬಂತು. 1874ರಲ್ಲಿ ಮುಂಬಯಿ ಸರಕಾರ ವತನಕ್ಕೆ ಕಾಯ್ದೆಯನ್ನೇ ಮಾಡಿತು. ಈ ನೊಗ ತೆಗೆಯಿರೆಂದು ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮಲ್ಲಿ ಅದು ಹೋದದ್ದು 1961ರ ಕಾಯ್ದೆ ಜಾರಿಗೆ ಬಂದ ಮೇಲೆ, 1963ರಲ್ಲಿ.

ಬೀಗರ ಹುಡುಗನ ಮಾತನ್ನೂ ತೆಗೆದುಹಾಕುವಂತಿಲ್ಲ. 1818ರ ಕೋರೆಗಾಂವ ಕಂಬದ ಮೇಲೆ ಮಹಾರ ಸಿಪಾಯಿಗಳ ಹೆಸರು ಕೆತ್ತಿದ್ದಾರೆ. ಪೇಶ್ವೆಯ ರಾಜ್ಯದಲ್ಲಿ ಮನುಷ್ಯನೆಂದು ಎಣಿಸದವನಿಗೆ ಕುಂಪಣಿ ಬಂದೂಕು ಕೊಟ್ಟಿತು, ಪಗಾರ ಕೊಟ್ಟಿತು, ಕಲ್ಲಿನ ಮೇಲೆ ಹೆಸರನ್ನೂ ಕೊಟ್ಟಿತು. ಆಮೇಲೆ 1890ರ ದಶಕದಲ್ಲಿ ಇವರು ಕಾಳಗದ ಜಾತಿಯಲ್ಲ ಎಂದು ಬ್ರಿಟಿಷ್ ಸರಕಾರ ಭರ್ತಿಯ ಬಾಗಿಲು ಹಾಕಿತು. ಮಹಾಯುದ್ಧ ಬಂದಾಗ ಮತ್ತೆ ತೆರೆಯಿತು. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಬೇಕಾದಾಗ ಸಿಪಾಯಿ, ಬೇಡಾದಾಗ ಹೊಲೆಯ. ಅವರ ಋಣ ನಮ್ಮ ಮೇಲಿದೆ ಎನ್ನುವವರು ಈ ಎರಡನ್ನೂ ಕೂಡಿಸಿ ಲೆಕ್ಕ ಹಾಕಲಿ.

ದ್ರೋಹದ ಮಾತಿಗೆ ರಾಮದುರ್ಗದ ಕಡೆ ನೋಡಬೇಕು. 1858ರಲ್ಲಿ ನರಗುಂದದ ಭಾಸ್ಕರರಾವ್ ಭಾವೆ ಬಂಡೆದ್ದ. ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ತಲೆ ಹಾರಿತು. ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ನರಗುಂದ ಮುಟ್ಟುಗೋಲಾಯಿತು. ರಾಮದುರ್ಗ ಆಳುತ್ತಿದ್ದವನು ಅವನ ಮಲತಮ್ಮ. ಅವನು ಇಂಗ್ರೇಜರ ಕಡೆ ಉಳಿದ. ಸಂಸ್ಥಾನ 1948ರವರೆಗೆ ಬಾಳಿತು. ಒಂದೇ ಮನೆ, ಎರಡು ಕಡೆ. ಆ ಅರಮನೆಯ ಊಟದಲ್ಲಿ ಯಾರಾದರೂ ತಾಟು ಬಿಟ್ಟು ಎದ್ದರೇ?

ದೂರದ ಅಮೆರಿಕದಲ್ಲೂ ಇಂಥದೇ ಹುಡುಕಾಟ ನಡೆದಿದೆ. ಅಲ್ಲಿ 1861ರಿಂದ 1865ರವರೆಗೆ ದಕ್ಷಿಣದ ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲು ಕಾದಾಡಿ ಸೋತವು. ಸೋತ ಸಿಪಾಯಿಗಳ ಮೊಮ್ಮಕ್ಕಳು ಇವತ್ತೂ ಪತ್ರಾಗಾರಗಳಲ್ಲಿ ಮುತ್ಯಾನನ್ನು ಹುಡುಕುತ್ತಾರೆ, ಸಿಕ್ಕರೆ ಹಿಗ್ಗುತ್ತಾರೆ. ಹುಡುಕುವುದು ಕಷ್ಟವಲ್ಲ. ಗೆದ್ದ ಸರಕಾರವೇ 1903ರಿಂದ ಸೋತವರ ಕಾಗದ ಕಲೆಹಾಕಿ, ಒಬ್ಬೊಬ್ಬ ಸಿಪಾಯಿಗೂ ಚೀಟಿ ಬರೆಸಿಟ್ಟಿದೆ. ಗುಲಾಮರೋ? 1860ರ ಜನಗಣತಿಯಲ್ಲಿ ಅಂಥವರು ಸುಮಾರು 40 ಲಕ್ಷ. ಧಣಿಯ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಬಹುಪಾಲು ಮಂದಿಗೆ ಹೆಸರೇ ಬರೆದಿಲ್ಲ. ಅವರ ಮೊಮ್ಮಕ್ಕಳಿಗೆ ಗಣತಿಯಲ್ಲಿ ಹೆಸರು ಸಿಗುವುದು 1870ರಿಂದ ಈಚೆಗೆ. ಇದನ್ನು ಓದಿದಾಗ ನಮ್ಮ ಕೇರಿಯನ್ನೇ ಓದಿದಂತಾಯಿತು.

ಆದರೆ ತೊಡಕು ಇರುವುದು ಇಲ್ಲೇ. ಆ ಸೋತವರ ಮೊಮ್ಮಕ್ಕಳು ಹೇಳುತ್ತಾರೆ: ನಮ್ಮಜ್ಜನಿಗೆ ಒಬ್ಬ ಗುಲಾಮನೂ ಇರಲಿಲ್ಲ, ಬಡ ರೈತ, ಕರೆದರು ಹೋದ. ಇದು ಸುಳ್ಳೇ ಆಗಬೇಕಿಲ್ಲ. ಕುಂಪಣಿ ಸೇರಿದ ನಮ್ಮವನು ಹೊಟ್ಟೆಗಾಗಿ ಹೋದ ಎಂದು ಬೀಗರು ಹೇಳುವುದೂ ಇದನ್ನೇ. ನಮ್ಮವನಿಗೆ ಮಾಫಿ ಕೊಟ್ಟು ಅವರವನಿಗೆ ಕೊಡದಿರುವುದು ಯಾವ ನ್ಯಾಯ? ನಾವು ಬಹಳ ದಿನ ಇದರ ಮೇಲೆ ಕಚ್ಚಾಡಿದ್ದೇವೆ. ಸತ್ತವನಿಗೆ ಮಾಫಿ ಕೊಡಬಹುದು, ಅವನ ಹಸಿವೆಯನ್ನು ನಾವು ಹಸಿದಿಲ್ಲ. ಆದರೆ ಅವನ ಹೆಸರನ್ನು ಕುದುರೆ ಮೇಲೆ ಕೂರಿಸಿ, ಅವನು ಯಾರ ಬೆನ್ನಿನ ಮೇಲೆ ನಿಂತಿದ್ದನೋ ಅವರ ಮೊಮ್ಮಕ್ಕಳ ಓಣಿಯಲ್ಲಿ ಮೆರೆಸುವುದು ಸತ್ತವನ ಕೆಲಸವಲ್ಲ, ಬದುಕಿದವನದು. ಅದಕ್ಕೆ ಹಸಿವೆಯ ನೆಪವಿಲ್ಲ. ಇಷ್ಟು ಹೇಳಿಕೊಂಡು ನಾವು ಸಮಾಧಾನದಿಂದಿದ್ದೆವು, ಯಾಕೆಂದರೆ ಇದು ಅಮೆರಿಕದ ಮಾತಾಗಿತ್ತು.

ಉತ್ಸವಕ್ಕೆ ಎರಡು ದಿನ ಇರುವಾಗ ಕಿರಿಯವನು ಕೋಲು ಇಳಿಸಿ, ಗೆಜ್ಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಂಗಳದಲ್ಲಿ ಝಲ್ಲೆಂದು ಕುಟ್ಟಿದ. ಸಮಗಾರರ ಓಣಿಯ ಮುದುಕಿಯೊಬ್ಬಳು ಅದೇ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದಳು. ಎಂಬತ್ತು ದಾಟಿದ ಜೀವ. ಸಪ್ಪಳಕ್ಕೆ ಗಕ್ಕನೆ ನಿಂತಳು.

"ಇನ್ನೂ ಐತೇನೋ ಯಪ್ಪಾ ಅದು?" ಅಂದಳು. "ನಿಮ್ಮ ಮುತ್ಯಾ ಇದನ್ನ ಕುಟ್ಟಿಕೋತ ಬಂದ್ರ ಗೌಡರ ಬಿಟ್ಟಿ ಚಾಕರಿಗೆ ಕರ್ಯಾಕ ಬಂದಾನಂತ ನಮ್ಮ ಓಣ್ಯಾಗ ಕದಾ ಹಾಕ್ಕೋತಿದ್ರು. ನಮ್ಮ ಮಾವ ಜ್ವರಾ ಬಂದು ಮಲಗಿದ್ದ, ಏಳಲಿಲ್ಲ. ಬೆನ್ನ ಮ್ಯಾಲ ಇದರ ಬರಿ ಸಾಯೂ ತನಕ ಇತ್ತು."

ಆಕಿ ಸಿಟ್ಟಿನಿಂದ ಹೇಳಲಿಲ್ಲ. ಗೆಜ್ಜೆ ಮುಟ್ಟಿ ನೋಡಿ, ನೀರು ಕೇಳಿ ಕುಡಿದು ಹೋದಳು.

ಕೋಲು ಕಿತ್ತೂರಿಗೆ ಹೋಗಲಿಲ್ಲ. ಮತ್ತೆ ಜಂತಿಗೆ ಸಿಗಿಸಲು ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ, ಒಲೆಗೆ ಹಾಕಲೂ ಇಲ್ಲ. ಬಹಳ ದಿನ ಗೋಡೆಗೆ ಒರಗಿ ನಿಂತಿತ್ತು. ದೀಪಾವಳಿ ಕಳೆದ ಮೇಲೆ ಬೈಲಹೊಂಗಲಕ್ಕೆ ಹೋಗಿ ಬೀಗರನ್ನು ಊಟಕ್ಕೆ ಕರೆದು ಬಂದೆವು. ಸಮಗಾರರ ಓಣಿಗೂ ಹೋಗಬೇಕೆಂದುಕೊಂಡೆವು. ಅಲ್ಲಿ ಹೋಗಿ ಏನು ಹೇಳುವುದೆಂದು ಕಿರಿಯವನು ಕೇಳಿದ. ಅದು ತಿಳಿಯದೆಯೇ, ಮುಂದಿನ ಐತವಾರ, ನಾವು ನಾಲ್ಕೂ ಮಂದಿ ಹೋದೆವು.